ಗುಳ್ಳದ ಗಿಡ ಸೊರಗುವ ಮೊದಲೇ ಗೊತ್ತಾದರೆ

ಈ ಗಿಡ ನೋಡಿ. ನಮ್ಮ ಮಟ್ಟು ಗುಳ್ಳ, ಉಡುಪಿ ಹತ್ತಿರದ ಮಟ್ಟು ಊರಿನ ಬದನೆ. ಎಲೆ ಇನ್ನೂ ಹಸಿರಾಗಿಯೇ ಇದೆ, ಒಂದೂ ಹಳದಿಯಾಗಿಲ್ಲ. ಆದರೂ ಪೂರ್ತಿ ಜೋತುಬಿದ್ದಿದೆ. ಮೊನ್ನೆ ಮಧ್ಯಾಹ್ನ ಬಾಡಿ, ಸಂಜೆಗೆ ಚೇತರಿಸಿಕೊಂಡಿತ್ತಂತೆ. ಇವತ್ತು ಏಳಲೇ ಇಲ್ಲ. ನೀರು ಸಾಲಲಿಲ್ಲ ಅಂದುಕೊಂಡು ಇನ್ನಷ್ಟು ನೀರು ಬಿಡುವವರಿದ್ದಾರೆ. ಶಿಲೀಂಧ್ರದ ಮದ್ದು ತಂದು ಬುಡಕ್ಕೆ ಸುರಿಯುವವರೂ ಇದ್ದಾರೆ. ಬ್ಯಾಕ್ಟೀರಿಯಾ ಆಗಿದ್ದರೆ ಆ ದುಡ್ಡು ದಂಡ. ಹರಿಯುವ ನೀರಂತೂ ರೋಗವನ್ನು ಪಕ್ಕದ ಸಾಲಿಗೂ ಮುಟ್ಟಿಸುತ್ತದೆ.

ಬುಡದ ಹತ್ತಿರ ಒಂದು ಗೇಣು ಕಾಂಡ ಕತ್ತರಿಸಿದ್ದೇನೆ. ಒಳಗೆ ಕಂದು ಬಣ್ಣದ ಉಂಗುರ ಕಾಣುತ್ತದೆ ಅಲ್ವಾ? ಈಗ ಗಾಜಿನ ಲೋಟದ ನೀರಿಗೆ ತುದಿ ಮಾತ್ರ ಮುಳುಗುವಂತೆ ಹಿಡಿಯುತ್ತೇನೆ. ಅಲ್ಲಾಡಿಸಬಾರದು. ಸ್ವಲ್ಪ ಹೊತ್ತು ಕಾಯಬೇಕು. ಅಗೋ, ಬಿಳಿ ನೂಲಿನ ಹಾಗೆ ಕೆಳಗೆ ಇಳಿಯುತ್ತಿದೆ. ಅದೆಲ್ಲ ಬ್ಯಾಕ್ಟೀರಿಯಾ. ಹೆಸರು ರಾಲ್‌ಸ್ಟೋನಿಯಾ. ಬೇರಿನ ಗಾಯದಿಂದ ಒಳಗೆ ಹೊಕ್ಕು, ನೀರು ಏರುವ ನಾಳದಲ್ಲಿ ಬೆಳೆದು, ಲೋಳೆಯಿಂದ ದಾರಿಯನ್ನೇ ಕಟ್ಟಿಬಿಡುತ್ತದೆ. ಬುಡದಲ್ಲಿ ತೇವ ಇದ್ದರೂ ಗಿಡ ಸೊರಗಿ ಸಾಯುತ್ತದೆ.

ಲೋಟದ ನೀರಿನಲ್ಲೇ ಗೊತ್ತಾಗುವುದಾದರೆ ಲ್ಯಾಬ್ ಯಾಕೆ? ಸೊರಗಿದ ಗಿಡಕ್ಕೆ ಬೇಡ ಅಂತಲೇ ನನ್ನ ಅಭಿಪ್ರಾಯ. ಬೇಕಾಗಿರುವುದು ನೆಡಲು ಇಟ್ಟ ಸಸಿಗೆ, ಗದ್ದೆಯ ಮಣ್ಣಿಗೆ. ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಊರಿನ ಬೆಳೆಗೆ ಮಾತ್ರ ಈ ಹೆಸರು ಅನ್ನುವ ಗುರುತು, ಸಿಕ್ಕಿದೆ. ಈ ಗದ್ದೆ ಕೆಟ್ಟಿತು ಅಂತ ಬೇರೆ ಊರಿಗೆ ಹೋಗಿ ಬೆಳೆದರೆ ಅದು ಮಟ್ಟು ಗುಳ್ಳ ಆಗುವುದಿಲ್ಲ. ಇರುವುದು ಇಷ್ಟೇ ಮಣ್ಣು. ಇದರಲ್ಲಿ ಏನಿದೆ ಅಂತ ನೆಡುವ ಮೊದಲೇ ತಿಳಿಯಬೇಕು.

ಅದನ್ನು ಹೇಳುವುದು ಪಿಸಿಆರ್, ಡಿಎನ್‌ಎಯ ಒಂದು ತುಣುಕನ್ನು ಹೆಚ್ಚಿಸಿ ಗುರುತಿಸುವ ಪರೀಕ್ಷೆ. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಹೆಸರು. ಸಸಿಯನ್ನು ಅರೆದು ಡಿಎನ್‌ಎ ತೆಗೆಯುತ್ತಾರೆ. ಬದನೆಯಲ್ಲಿ ಇಲ್ಲೇ ಕಷ್ಟ ಇರುವುದು. ಹೆಚ್ಚಿಟ್ಟ ಬದನೆಯನ್ನು ಕಪ್ಪಾಗಿಸುವ ಫೀನಾಲ್‌ಗಳು ಡಿಎನ್‌ಎ ಜೊತೆ ಉಳಿದುಬಿಟ್ಟರೆ ಪರೀಕ್ಷೆ ನಡೆಯುವುದೇ ಇಲ್ಲ, ರೋಗ ಇದ್ದರೂ ಇಲ್ಲ ಅಂತ ಬರುತ್ತದೆ. ಹಾಗಾಗಿ ಶುದ್ಧ ಮಾಡುವ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಆಮೇಲೆ ಈ ಬ್ಯಾಕ್ಟೀರಿಯಾದ ಡಿಎನ್‌ಎಗೆ ಮಾತ್ರ ಅಂಟುವ ಪ್ರೈಮರ್ ಅನ್ನುವ ಚಿಕ್ಕ ಡಿಎನ್‌ಎ ಚೂರುಗಳನ್ನು ಹಾಕಿ, ಮಷಿನ್‌ನಲ್ಲಿ ಮತ್ತೆ ಮತ್ತೆ ಬಿಸಿ ಮಾಡಿ ತಣಿಸುತ್ತಾರೆ. ಸುತ್ತು ಸುತ್ತಿಗೂ ಪ್ರೈಮರ್‌ಗಳ ನಡುವಿನ ಡಿಎನ್‌ಎ ತುಣುಕು ಇಮ್ಮಡಿ. ಎಲ್ಲ ಸರಿಯಾಗಿ ನಡೆದರೆ 30 ಸುತ್ತಿಗೆ ಒಂದು ತುಣುಕು ನೂರು ಕೋಟಿ ದಾಟುತ್ತದೆ. ಹೆಚ್ಚಾಗಿ ಬಳಸುವ ಒಂದು ಪ್ರೈಮರ್ ಜೋಡಿಯಲ್ಲಿ ಆ ತುಣುಕಿನ ಉದ್ದ 281 ಬೇಸ್ ಜೋಡಿ (ಡಿಎನ್‌ಎ ಉದ್ದ ಅಳೆಯುವ ಲೆಕ್ಕ). ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಆ ಅಳತೆಯ ಎದುರಿಗೆ ಗೆರೆ ಹೊಳೆದರೆ, ಚಂದ ಕಾಣುವ ಸಸಿಯ ಒಳಗೂ ರೋಗ ಕೂತಿದೆ ಅಂತಲೇ ಲೆಕ್ಕ.

ಮಣ್ಣಿನ ಪರೀಕ್ಷೆಯಲ್ಲಿ ಸ್ವಲ್ಪ ಜಾಗ್ರತೆ ಬೇಕು. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಗೂ ಗೆರೆ ಬರುತ್ತದೆ. ಮೊದಲು ಲ್ಯಾಬಿನಲ್ಲಿ ಬೆಳೆಸಿ, ಆಮೇಲೆ ಪಿಸಿಆರ್ ಮಾಡಿದರೆ ಬದುಕಿರುವುದು ಮಾತ್ರ ಹೆಚ್ಚುತ್ತದೆ.

ಡಿಎನ್‌ಎ ಹೆಚ್ಚಿಸಿ ನೋಡುವ ಲ್ಯಾಂಪ್ ಅನ್ನುವ ಇನ್ನೊಂದು ವಿಧಾನ ಇದೆ. ಅದಕ್ಕೆ ಸುಮಾರು 65 ಡಿಗ್ರಿಯ ಒಂದೇ ಬಿಸಿ ಸಾಕು, ದೊಡ್ಡ ಮಷಿನ್ ಬೇಡ. ಅದು ಕಟಪಾಡಿ, ಮಟ್ಟುವಿನ ಗದ್ದೆಬದಿಗೇ ಬರಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಮಣ್ಣಿನಲ್ಲಿ ರೋಗ ಇದೆ ಅಂತ ಗೊತ್ತಾದವರು ಬದನೆಯ ಕಾಡು ನೆಂಟನಾದ ಸುಂಡೆಯ ಬೇರಿಗೆ ಕಸಿ ಮಾಡಿದ ಗುಳ್ಳದ ಸಸಿ ನೆಡಬಹುದು. ಸುಂಡೆ ಬೇರು ಈ ರೋಗವನ್ನು ಚೆನ್ನಾಗಿ ತಡೆಯುತ್ತದೆ. ಸಸಿ ಎಲ್ಲಿ ಸಿಗುತ್ತದೆ, ಮಣ್ಣಿನ ಮಾದರಿ ಎಲ್ಲಿಗೆ ಕಳಿಸಬೇಕು ಅಂತ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ನೆಡುವ ಮೊದಲೇ ಕೇಳಿ.