ಕ್ಯಾಮೆರಾ ಹಾಕಿದಿರಿ, ಡ್ರೈವರ್ ಜೊತೆ ಕೂತು ನೋಡಿದಿರಾ?

ನಮಸ್ಕಾರ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಲಾರಿ ಇಟ್ಟುಕೊಂಡವರು, ಶಾಲೆ ಬಸ್ ಓಡಿಸುವವರು ಕೇಳುತ್ತಿದ್ದೀರಿ ಅಂತಲೇ ಅಂದುಕೊಂಡು ಮಾತಾಡುತ್ತೇನೆ.

ನೆಟ್ರಡೈನ್ ಅಂತ ಒಂದು ಕಂಪನಿ. 2015ರಲ್ಲಿ ಶುರುವಾಯಿತು. ಮೊಬೈಲ್ ಚಿಪ್ ಮಾಡುವ ಕ್ವಾಲ್ಕಾಮ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಅವ್ನೀಶ್ ಅಗರವಾಲ್ ಮತ್ತು ಡೇವಿಡ್ ಜೂಲಿಯನ್ ಕಟ್ಟಿದ್ದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲೂ ಇದೆ, ನಮ್ಮ ಬೆಂಗಳೂರಿನಲ್ಲೂ ಇದೆ. ವಾಹನದ ಮುಂದಿನ ಗಾಜಿಗೆ ಕೂರಿಸುವ ಕ್ಯಾಮೆರಾ ಮಾಡುತ್ತಾರೆ. 2021ರಲ್ಲಿ 15 ಕೋಟಿ ಡಾಲರ್ ಬಂಡವಾಳ ಬಂತು, ಅಮೆರಿಕದಲ್ಲಿ ಅಮೆಜಾನ್ ಡೆಲಿವರಿ ವ್ಯಾನುಗಳಿಗೂ ಇವರ ಕ್ಯಾಮೆರಾ ಹೋಯಿತು. 2025ರ ಜನವರಿಯಲ್ಲಿ ಇನ್ನೂ 9 ಕೋಟಿ ಡಾಲರ್ ಬಂತು. ಕಂಪನಿ ಬೆಲೆ 100 ಕೋಟಿ ಡಾಲರ್ ದಾಟಿತು.

ಹೀಗೆ ಬೆಳೆದದ್ದು ಯಾಕೆ? ಕ್ಯಾಮೆರಾ ಹೊಸದೇನಲ್ಲ. ಅದೇ ಸ್ಯಾನ್ ಡಿಯಾಗೋದಲ್ಲಿ 1998ರಲ್ಲೇ ಡ್ರೈವ್‌ಕ್ಯಾಮ್ ಅನ್ನೋ ಕಂಪನಿ ಹುಟ್ಟಿತ್ತು. ಅವರ ಕ್ಯಾಮೆರಾ ಪೆಟ್ಟಿಗೆ, ಗಾಡಿ ಜೋರಾಗಿ ಕುಲುಕಿದಾಗ, ಗಕ್ಕನೆ ಬ್ರೇಕ್ ಬಿದ್ದಾಗ, ಆಗಿನ ಕೆಲವು ಸೆಕೆಂಡಿನ ವಿಡಿಯೋ ಮಾತ್ರ ಉಳಿಸುತ್ತಿತ್ತು. ಅಂದರೆ ಮಾಲೀಕನ ಕಣ್ಣಿಗೆ ಬೀಳುವುದು ಬರೀ ತಪ್ಪು. ನೆಟ್ರಡೈನ್ ಪೆಟ್ಟಿಗೆ ಗಾಡಿ ಓಡುವಷ್ಟು ಹೊತ್ತೂ ರಸ್ತೆ ನೋಡಿ, ಡ್ರೈವರ್ ಹೇಗೆ ಓಡಿಸುತ್ತಿದ್ದಾನೆ ಅಂತ ಅಲ್ಲೇ ಲೆಕ್ಕ ಹಾಕುತ್ತದೆ. ಯಾರೋ ಅಡ್ಡ ಬಂದಾಗ ಡ್ರೈವರ್ ವೇಗ ಇಳಿಸಿ ಅಂತರ ಬಿಟ್ಟರೆ ಅದಕ್ಕೂ ಅಂಕ ಕೊಡುತ್ತದೆ. ನನ್ನ ಮಾತು ಇಷ್ಟೇ: ಕ್ಯಾಮೆರಾ ಇರುವುದು ಡ್ರೈವರನ್ನು ಹಿಡಿಯಲಿಕ್ಕಲ್ಲ, ಅವನ ಜೊತೆ ಕೂತು ನೋಡಲಿಕ್ಕೆ.

ಬ್ಯಾಡಗಿ ಕಡೆಯ ಮಾಲೀಕರೊಬ್ಬರು ತಮ್ಮ ಲಾರಿಗೆ ಯಾವುದೋ ಕಂಪನಿಯ ಕ್ಯಾಮೆರಾ ಹಾಕಿಸಿದ್ದರು. ಮೆಣಸಿನಕಾಯಿ ಹೇರಿಕೊಂಡು ಹೋಗುವ ಲಾರಿ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಆಗಿನ್ನೂ ಎರಡೇ ಲೇನ್. ನರೇಂದ್ರ ಊರಿನ ಹತ್ತಿರ ಜೋರಾಗಿ ಬ್ರೇಕ್ ಬಿತ್ತು ಅಂತ ಮಾಲೀಕರ ಮೊಬೈಲಿಗೆ ಸಂದೇಶ ಬಂತು. ಇವರು ವಿಡಿಯೋ ನೋಡಲೇ ಇಲ್ಲ, ಫೋನ್ ಮಾಡಿ ಬೈದುಬಿಟ್ಟರು. ಮರುದಿನದಿಂದ ಕ್ಯಾಮೆರಾ ಮೇಲೆ ಟವೆಲ್. ಇಬ್ಬರಿಗೂ ಮಾತಿಲ್ಲ. ನನ್ನನ್ನು ಕರೆಸಿದರು, ಗೋದಾಮಿನಲ್ಲಿ ಇಬ್ಬರನ್ನೂ ಕೂರಿಸಿ ಆ ವಿಡಿಯೋ ಹಾಕಿದೆ. ಎದುರಿನಿಂದ ಕಾರೊಂದು ಓವರ್‌ಟೇಕ್ ಮಾಡುತ್ತ ನೇರ ಲಾರಿ ಮೇಲೇ ಬರುತ್ತಿದೆ, ನಮ್ಮ ಡ್ರೈವರ್ ಬ್ರೇಕ್ ಒತ್ತಿ, ಎಡಕ್ಕೆ ಎಳೆದು, ಲೋಡ್ ವಾಲದ ಹಾಗೆ ನಿಲ್ಲಿಸಿದ್ದಾನೆ. ಕಾರಿನವರ ಜೀವ ಉಳಿಸಿದ್ದಾನೆ!

"ಏ ತಮ್ಮಾ, ಇದನ್ನ ನನಗ ಹೇಳಬೇಕಿಲ್ಲೋ?" ಅಂದರು ಮಾಲೀಕರು.

"ಹೇಳಾಕ ನೀವು ಬಿಟ್ರ ಅಲ್ರೀ ಸಾವ್ಕಾರ್ರ."

ಆಮೇಲೆ ಅವನೇ "ನಾ ಫೋನ್ ನೋಡಿದ್ದೂ ಐತಿ, ಅದನ್ನೂ ಹಾಕ್ರಿ" ಅಂದ. ಹಾಕಿದೆ. 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಫೋನ್ ನೋಡಿದರೆ 44 ಮೀಟರ್ ಕಣ್ಣುಮುಚ್ಚಿ ಓಡಿಸಿದ ಹಾಗೆ. ಆ ಫೋನ್ ಮಾಡಿದ್ದು ಯಾರು ಗೊತ್ತಾ? ಮಾಲೀಕರೇ, ಎಲ್ಲಿದ್ದೀಯ ಅಂತ ಕೇಳಲಿಕ್ಕೆ. ಈಗ ಗಾಡಿ ಓಡುವಾಗ ಅವರು ಫೋನ್ ಮಾಡುವುದಿಲ್ಲ, ಟವೆಲ್ಲೂ ಇಲ್ಲ. ಕೂತು ನೋಡದೆ ಇದು ಆಗುತ್ತಿತ್ತಾ?

ಸಮಯ ಆಗುತ್ತಾ ಬಂತು. ತೂಕಡಿಕೆ, ಸೀಟ್ ಬೆಲ್ಟ್ ಬಗ್ಗೆ ಹೇಳಬೇಕಿತ್ತು, ಅವನ್ನೂ ಈ ಕ್ಯಾಮೆರಾಗಳು ಹಿಡಿದು ಡ್ರೈವರನ್ನು ಎಚ್ಚರಿಸುತ್ತವೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಇದು ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ಇನ್ನೂ "ಕ್ಯಾಮೆರಾ ದುಬಾರಿ" ಅಂತೀರಲ್ಲ, ಒಂದು ಅಪಘಾತದ ಖರ್ಚು ಎಷ್ಟು ಅಂತ ಲೆಕ್ಕ ಹಾಕಿದ್ದೀರಾ?

ಈಗಾಗಲೇ ಹಾಕಿಸಿದವರು ವಾರಕ್ಕೊಮ್ಮೆ ಡ್ರೈವರನ್ನು ಕರೆದು, ಚಹಾ ತರಿಸಿ, ಮೊದಲು ಅವನು ಚೆನ್ನಾಗಿ ಓಡಿಸಿದ ವಿಡಿಯೋ ಹಾಕಿ. ತಪ್ಪಿನದು ಆಮೇಲೆ. ನಮಸ್ಕಾರ.