ರೋಬೋ ನೋಡುವುದು ಹಲ್ಲನ್ನಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಹಲ್ಲು ಕಟ್ಟುವ ಡಾಕ್ಟರ್. "ಈಗ ರೋಬೋನೇ ಹಲ್ಲು ಕೂರಿಸುತ್ತಂತಲ್ಲ, ಅದರ ಬಗ್ಗೆ ಹೇಳಿ" ಅಂತ ಬಾನುಲಿಯವರು ಕರೆದರು. ಬಂದಿದ್ದೇನೆ. ಆದರೆ ರೋಬೋ ಬಗ್ಗೆ ನಾನು ಜಾಸ್ತಿ ಮಾತಾಡುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ತುಂಡಿನ ಬಗ್ಗೆ ಹೇಳುತ್ತೇನೆ. ಅದರ ಹೆಸರು ಸ್ಪ್ಲಿಂಟ್. ಹಲ್ಲಿನ ಸಾಲಿನ ಮೇಲೆ ಟೋಪಿಯ ಹಾಗೆ ಕೂರುತ್ತದೆ. ಬೇಕಾದಾಗ ಹಾಕಬಹುದು, ಬೇಡವಾದಾಗ ತೆಗೆಯಬಹುದು.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಹಲ್ಲು ಹೋದ ಜಾಗದಲ್ಲಿ ದವಡೆ ಮೂಳೆಗೆ ತೂತು ಕೊರೆದು ಟೈಟಾನಿಯಂ ಸ್ಕ್ರೂ ಕೂರಿಸುತ್ತೇವೆ. ಇಂಪ್ಲಾಂಟ್ ಅಂದರೆ ಅದೇ. ಸ್ವೀಡನ್ನಿನ ಡಾಕ್ಟರ್ ಬ್ರೋನೆಮಾರ್ಕ್ 1965ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ತೊಂದರೆ ಎಲ್ಲಿ ಅಂದರೆ, ಕೆಳದವಡೆಯ ಒಳಗೆ ಒಂದು ನರ ಹಾದುಹೋಗುತ್ತದೆ. ಡ್ರಿಲ್ ಅದಕ್ಕೆ ತಾಗಿದರೆ ತುಟಿ ಜೋಮು ಹಿಡಿದು ಹಾಗೇ ಉಳಿದುಬಿಡಬಹುದು. ಅದಕ್ಕೇ ನರದಿಂದ 2 ಮಿಲಿಮೀಟರ್ ದೂರ ಬಿಡುತ್ತೇವೆ. ಎರಡೇ ಮಿಲಿಮೀಟರ್!

ಇಂಥ ಕಡೆ ನೆರವಿಗೆ ಬಂದದ್ದು ರೋಬೋ. 2016ರ ಕೊನೆಗೆ ಅಮೆರಿಕದಲ್ಲಿ ಯೋಮಿ ಅನ್ನುವ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಡ್ರಿಲ್ ಡಾಕ್ಟರ ಕೈಯಲ್ಲೇ ಇರುತ್ತದೆ, ದಾರಿ ತಪ್ಪಿದರೆ ಯಂತ್ರ ತಡೆಯುತ್ತದೆ. ಮರುವರ್ಷ ಚೀನಾದ ಷಿಯಾನ್‌ನಲ್ಲಿ ರೋಬೋ ತಾನೇ ಎರಡು ಇಂಪ್ಲಾಂಟ್ ಹಾಕಿತು.

ಸರಿ, ರೋಬೋಗೆ ನಿಮ್ಮ ಹಲ್ಲು ಕಾಣುತ್ತದಾ? ಕಾಣುವುದಿಲ್ಲ. ಮೂಳೆಯೂ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಸ್ಪ್ಲಿಂಟ್ ಒಂದೇ. ಸ್ಪ್ಲಿಂಟಿಗೆ ಸಣ್ಣ ಸಣ್ಣ ಗುರುತಿನ ಗುಂಡುಗಳನ್ನು ಜೋಡಿಸಿ, ಅದನ್ನು ಬಾಯಲ್ಲಿ ಇಟ್ಟುಕೊಂಡೇ ಸ್ಕ್ಯಾನ್ ಮಾಡುತ್ತೇವೆ. ನರ ಎಲ್ಲಿದೆ, ಮೂಳೆ ಎಷ್ಟಿದೆ, ಎಲ್ಲವನ್ನೂ ಆ ಗುಂಡುಗಳಿಂದ ಅಳೆದು ಬರೆದುಕೊಳ್ಳುತ್ತದೆ ಕಂಪ್ಯೂಟರ್. ಆಪರೇಷನ್ ಹೊತ್ತಿಗೆ ಅದೇ ಸ್ಪ್ಲಿಂಟ್ ಅದೇ ಜಾಗದಲ್ಲಿ ಕೂರಬೇಕು. ಅದಕ್ಕೆ ಯಂತ್ರದ ಒಂದು ತೋಳು ಸಿಕ್ಕಿಸುತ್ತಾರೆ, ಸ್ಪ್ಲಿಂಟ್ ಎಲ್ಲಿದೆ ಅಂತ ಯಂತ್ರಕ್ಕೆ ಗೊತ್ತಾಗುವುದು ಅದರಿಂದಲೇ. ಕೆಲವು ಯಂತ್ರಗಳಲ್ಲಿ ತೋಳಿನ ಬದಲು ಕ್ಯಾಮೆರಾ ಸ್ಪ್ಲಿಂಟನ್ನು ನೋಡುತ್ತಿರುತ್ತದೆ. ನೀವು ತಲೆ ಅಲ್ಲಾಡಿಸಿದರೆ ರೋಬೋ ಜೊತೆಗೇ ಸರಿಯುತ್ತದೆ, ಚಿಂತೆಯಿಲ್ಲ. ಆದರೆ ಹಲ್ಲು ಇದ್ದಲ್ಲೇ ಇದ್ದು ಸ್ಪ್ಲಿಂಟ್ ಮಾತ್ರ ಸರಿದರೆ? ಕೋಟಿಗಟ್ಟಲೆ ದುಡ್ಡಿನ ಯಂತ್ರ ಒಂದು ಕೂದಲೂ ಆಚೀಚೆ ಆಗದ ಹಾಗೆ ತಪ್ಪು ಜಾಗವನ್ನು ಕೊರೆಯುತ್ತದೆ. ಅದಕ್ಕೇ ಹೇಳುವುದು, ಸ್ಪ್ಲಿಂಟ್ ಅಲುಗಬಾರದು.

ಅಲುಗದ ಹಾಗೆ ಮಾಡುವುದು ಹೇಗೆ? ನಿಮ್ಮ ದವಡೆ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿ. ಮಣ್ಣಿನ ಗಡಿಗೆಯ ಹಾಗೆ ನಡುವೆ ಉಬ್ಬು, ಬುಡದಲ್ಲಿ ಸಣ್ಣ. ಸ್ಪ್ಲಿಂಟಿನ ಅಂಚು ಆ ಉಬ್ಬನ್ನು ದಾಟಿ ಒಂದಿಷ್ಟೇ ಇಷ್ಟು ಕೆಳಗಿಳಿಯಬೇಕು. ಇಳಿಯದಿದ್ದರೆ ಸಡಿಲ. ಜಾಸ್ತಿ ಇಳಿದರೆ ಕಚ್ಚಿಕೊಳ್ಳುತ್ತದೆ, ತೆಗೆಯಲು ಹೋದರೆ ಹಲ್ಲಿಗೆ ಹಾಕಿಸಿದ ಕ್ಯಾಪೂ ಕಿತ್ತು ಬರಬಹುದು. ಅದಕ್ಕೇ ಸ್ಪ್ಲಿಂಟ್ ಮಾಡುವ ಮೊದಲು ನಿಮ್ಮ ಹಲ್ಲಿನ ಅಚ್ಚಿನ ಮೇಲೆ ಬುಡದ ಸಂದುಗಳಿಗೆ ಮೇಣ ತುಂಬುತ್ತೇವೆ. ಈಗ ಕಂಪ್ಯೂಟರಿನಲ್ಲೇ ತುಂಬಬಹುದು. ಎಷ್ಟು ತುಂಬಬೇಕು, ಎಷ್ಟು ಬಿಡಬೇಕು ಅನ್ನುವುದರಲ್ಲೇ ಇದೆ ಕೈಚಳಕ. ಕೂತಾಗ "ಟಕ್" ಅನ್ನಬೇಕು.

ಈ "ಟಕ್" ನಂಬಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಅದನ್ನು ಹೇಳಲೇಬೇಕು.

ನಮ್ಮ ಕಡೆಯ ಒಬ್ಬ ಯಜಮಾನರು. ಅಡಿಕೆ ತೋಟ, ಗಟ್ಟಿ ಮನುಷ್ಯ. ಅವರಿಗೆ ರೋಬೋ ಇರುವ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಇಂಪ್ಲಾಂಟ್ ಅಂತ ಆಯಿತು. ಸ್ಪ್ಲಿಂಟ್ ಮಾಡಿದವನು ನಾನು, ಹಾಗಾಗಿ ಜೊತೆಗೆ ಹೋದೆ. ಬೆಳಗ್ಗೆ ಸ್ಪ್ಲಿಂಟ್ ಹಾಕಿ ಸ್ಕ್ಯಾನ್ ಮುಗಿಸಿದೆವು. ಆಪರೇಷನ್ನಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಸ್ಪ್ಲಿಂಟ್ ತೆಗೆದು ಡಬ್ಬಿಯಲ್ಲಿಟ್ಟೆ. ಯಜಮಾನರು ಹೊರಗೆ ಹೋಗಿ ಕೂತರು. ವಾಪಸ್ ಬಂದರು, ಬಾಯಿ ಮುಕ್ಕಳಿಸಿದರು, ಸ್ಪ್ಲಿಂಟ್ ಒತ್ತಿದೆ, "ಟಕ್" ಅಂತು. ನಾನು ಜಂಬದಿಂದ ಪಕ್ಕಕ್ಕೆ ಸರಿದೆ.

ಕೊರೆಯುವ ಮೊದಲು ಒಂದು ಪರೀಕ್ಷೆ ಇದೆ. ಮೊನೆಯ ಕಡ್ಡಿಯನ್ನು ಒಂದು ಹಲ್ಲಿನ ತುದಿಗೆ ಮುಟ್ಟಿಸಬೇಕು. ಪರದೆಯ ಮೇಲೂ ಮುಟ್ಟಿದ ಹಾಗೇ ಕಾಣಬೇಕು. ಇಲ್ಲಿ ಕಡ್ಡಿ ಹಲ್ಲಿಗೆ ತಾಗಿದೆ, ಪರದೆಯಲ್ಲಿ ನೋಡಿದರೆ ಹಲ್ಲಿನೊಳಕ್ಕೇ ಇಳಿದುಬಿಟ್ಟಿದೆ! ಕಂಪನಿಯ ಇಂಜಿನಿಯರ್ ಹುಡುಗ ಬೆವರಿಹೋದ. ಯಂತ್ರ ಆಫ್ ಮಾಡಿದ, ಆನ್ ಮಾಡಿದ. ಮತ್ತೆ ಅದೇ. ಕೇಬಲ್ ಬದಲಾಯಿಸಿದರು. ಅದೇ. ಅರ್ಧ ಗಂಟೆ ಎಲ್ಲರೂ ಯಂತ್ರವನ್ನೇ ಬೈದೆವು. ಆಮೇಲೆ ನರ್ಸಮ್ಮ ನಿಧಾನವಾಗಿ ಕೇಳಿದರು, "ಸರ್, ಆ ಸ್ಪ್ಲಿಂಟ್ ಒಮ್ಮೆ ತೆಗೆದು ನೋಡಬಹುದಾ?"

ತೆಗೆದೆ. ಹಿಂದಿನ ದವಡೆ ಹಲ್ಲಿನ ಗುಳಿಯಲ್ಲಿ ಒಂದು ಹುರಿಗಡಲೆ ಚೂರು, ಅದಕ್ಕೆ ಅಂಟಿಕೊಂಡು ಮಂಡಕ್ಕಿ.

ಯಜಮಾನರು ದಾವಣಗೆರೆಯಿಂದ ಚೀಲದಲ್ಲಿ ಖಾರ ಮಂಡಕ್ಕಿ ತಂದಿದ್ದರು. ಹೊರಗೆ ಕೂತು ಸುಮ್ನೆ ಬಾಯಾಡಿಸಿದ್ದಾರೆ. ನಾನು ರೇಗಿದೆ. ಅವರು ತಣ್ಣಗೆ, "ಅಲ್ರೀ ಡಾಕ್ಟ್ರೇ, ಒಂದ್ ಹಿಡಿ ಮಂಡಕ್ಕಿಗೆ ಇಷ್ಟ್ ದೊಡ್ಡ ಮಿಷಿನ್ ಹೆದರ್ತದೇನು?" ಅಂದರು. ಹೆದರುತ್ತದೆ ಯಜಮಾನ್ರೇ! ಸ್ಪ್ಲಿಂಟ್ ಹಿಂದುಗಡೆ ಒಂಚೂರು ಎದ್ದು ನಿಂತಿತ್ತು. 1 ಡಿಗ್ರಿ ಓರೆಯಾದರೂ 5 ಸೆಂಟಿಮೀಟರ್ ಆಚೆ ಹೆಚ್ಚುಕಡಿಮೆ 1 ಮಿಲಿಮೀಟರ್ ತಪ್ಪುತ್ತದೆ. ನಮ್ಮ ಹತ್ತಿರ ಇರುವುದೇ ಎರಡು.

ತಪ್ಪು ಅವರದಲ್ಲ, ನನ್ನದು. ಆ ಸ್ಪ್ಲಿಂಟಿಗೆ ನಾನು ಕಿಟಕಿ ಬಿಟ್ಟಿರಲಿಲ್ಲ. ಹಲ್ಲಿನ ತುದಿ ಕಾಣುವ ಹಾಗೆ ಅಲ್ಲಲ್ಲಿ ಸಣ್ಣ ಕಿಂಡಿ ಕೊಯ್ದಿದ್ದರೆ, ಪೂರ್ತಿ ಕೂತಿಲ್ಲ ಅಂತ ಕಣ್ಣಿಗೇ ಗೊತ್ತಾಗುತ್ತಿತ್ತು. ಈಗ ಮೂರು ಕಿಟಕಿ ಇಲ್ಲದೆ ನನ್ನ ಲ್ಯಾಬಿನಿಂದ ಒಂದು ಸ್ಪ್ಲಿಂಟೂ ಹೊರಗೆ ಹೋಗುವುದಿಲ್ಲ.

ಅಯ್ಯೋ, ಸಮಯ ಆಗುತ್ತಾ ಬಂತು. ಉಳಿದದ್ದು ಬೇಗ ಬೇಗ. ಗುರುತಿನ ಗುಂಡುಗಳು ಕನಿಷ್ಠ ಮೂರು ಬೇಕು, ಒಂದೇ ಗೆರೆಯಲ್ಲಿ ಇರಬಾರದು, ಹರಡಿಕೊಂಡಿರಬೇಕು. ಸ್ಪ್ಲಿಂಟ್ ಹಲ್ಲಿನ ಮೇಲೆ ಕೂರಬೇಕು, ವಸಡಿನ ಮೇಲಲ್ಲ. ವಸಡು ಮೆತ್ತಗೆ, ಒತ್ತಿದರೆ ತಗ್ಗುತ್ತದೆ. ಡ್ರಿಲ್ಲಿಗೂ ನೀರಿಗೂ ಜಾಗ ಬಿಡಬೇಕು. 3D ಪ್ರಿಂಟರಿನಲ್ಲಿ ಮಾಡಿದ ಸ್ಪ್ಲಿಂಟನ್ನು ಚೆನ್ನಾಗಿ ತೊಳೆದು ಬೆಳಕಿನಲ್ಲಿ ಗಟ್ಟಿ ಮಾಡದಿದ್ದರೆ ಸೊಟ್ಟಗಾಗುತ್ತದೆ. ಸೊಟ್ಟಗಾದದ್ದು ಅಲುಗುತ್ತದೆ. ನಿಮ್ಮ ಯಾವುದಾದರೂ ಹಲ್ಲು ಅಲ್ಲಾಡುತ್ತಿದ್ದರೆ ಮುಚ್ಚಿಡಬೇಡಿ, ಅಚ್ಚು ತೆಗೆಯುವಾಗಲೇ ಹೇಳಿ. ಆ ಹಲ್ಲನ್ನು ಬಿಟ್ಟು ಮಾಡುತ್ತೇವೆ.

ಬಾಯಲ್ಲಿ ಒಂದೂ ಹಲ್ಲಿಲ್ಲದವರು ಏನು ಮಾಡಬೇಕು ಅಂತ ಕೇಳುತ್ತೀರಿ. ಅವರಿಗೆ ಮೂಳೆಗೇ ಸಣ್ಣ ಸ್ಕ್ರೂ ಹಾಕಿ ಸ್ಪ್ಲಿಂಟನ್ನು ಬಿಗಿಯುತ್ತಾರೆ. ಅದನ್ನು ಬಿಡಿಸಿ ಹೇಳಲು ಇನ್ನೊಮ್ಮೆ ಕರೆಯಬೇಕು ಇವರು. ನಮಸ್ಕಾರ.