ಪ್ರಾಜೆಕ್ಟ್ ವರದಿ: ಅಂಕಿಯ ಹಿಂದಿನ ಕಾರಣ

ಕೇಳುಗರಿಗೆ ನಮಸ್ಕಾರ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕಿಯೇ ಕಾಫಿ ಹೂವು ಅರಳಿಸಬೇಕಾದ ನಮ್ಮ ಚಿಕ್ಕಮಗಳೂರಿನಲ್ಲಿ, ಕೊನೆಯ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಮಣ್ಣಿನ ತೇವ ಅಳೆದು ಪಂಪು ನಡೆಸುವ ಸಾಧನವನ್ನು ಪ್ರಾಜೆಕ್ಟಾಗಿ ಆರಿಸಿಕೊಳ್ಳುವುದು ಸಹಜವೇ ಆಗಿದೆ. ಸಾಧನವೇನೋ ಕೆಲಸ ಮಾಡುತ್ತದೆ, ಸೊರಗುವುದು ವರದಿ. ಸಾಧನವನ್ನು ಪ್ರೋಗ್ರಾಂ ಮೂಲಕ ನಡೆಸುವ ಪುಟ್ಟ ಬೋರ್ಡಾದ ಆರ್ಡುಯಿನೊ ಎಂದರೇನು ಎಂಬ ವಿವರಣೆ ಪುಟಗಟ್ಟಲೆ ಬೆಳೆದು, ವಿದ್ಯಾರ್ಥಿಗಳು ಸ್ವತಃ ಮಾಡಿದ ಕೆಲಸ ಕೊನೆಯ ಅಧ್ಯಾಯದ ಮೂಲೆ ಸೇರುತ್ತದೆ.

ಪರೀಕ್ಷಕರು ಹುಡುಕುವುದು ನಿಮ್ಮ ಆಯ್ಕೆಗಳ ಕಾರಣವನ್ನು. ಪಂಪನ್ನು ಹಚ್ಚಿ ಆರಿಸುವ ವಿದ್ಯುತ್ ಸ್ವಿಚ್ಚಾದ ರಿಲೇಯನ್ನು ಬೋರ್ಡಿನ ಪಿನ್ನಿಗೆ ನೇರವಾಗಿ ಜೋಡಿಸದೆ ನಡುವೆ ಟ್ರಾನ್ಸಿಸ್ಟರ್ ಇಟ್ಟಿದ್ದೇಕೆ? ಆರ್ಡುಯಿನೊ ಉನೊದ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್ ಪಡೆಯುವುದು ಕ್ಷೇಮ. 5 ವೋಲ್ಟಿನ ಸಾಮಾನ್ಯ ರಿಲೇಯ ಸುರುಳಿ ಸುಮಾರು 70 ಮಿಲಿಆಂಪಿಯರ್ ಎಳೆಯುವುದರಿಂದ ಆ ಹೊರೆಯನ್ನು ಟ್ರಾನ್ಸಿಸ್ಟರ್ ಹೊರುತ್ತದೆ. ಸುರುಳಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿದ್ದು, ವಿದ್ಯುತ್ ಕಡಿದ ಕ್ಷಣದಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜಿಗೆ ಟ್ರಾನ್ಸಿಸ್ಟರ್ ಬಲಿಯಾಗದಿರಲೆಂದು. ಈ ಮೂರು ವಾಕ್ಯಗಳು ಸರ್ಕಿಟ್ ಚಿತ್ರದ ಕೆಳಗಿದ್ದರೆ, ಎರವಲು ತಂದ ಹತ್ತು ಪುಟಗಳನ್ನು ನಿಶ್ಚಿಂತೆಯಿಂದ ಕಿತ್ತುಹಾಕಬಹುದು.

ಅಳತೆಯ ವಿಚಾರಕ್ಕೆ ಹೆಚ್ಚು ಜಾಗ ಕೊಡಿ. ಪರದೆಯ ಮೇಲೆ ಸೆನ್ಸರಿನ ಅಂಕಿ 612 ಎಂದು ಮೂಡಿದರೆ ಅದು ತೇವದ ಪ್ರಮಾಣವೆಂದು ಬರೆಯುವವರಿದ್ದಾರೆ. ಅದು 0ಯಿಂದ 5 ವೋಲ್ಟಿನವರೆಗಿನ ವ್ಯಾಪ್ತಿಯನ್ನು 1024 ಮೆಟ್ಟಿಲುಗಳಾಗಿ ವಿಂಗಡಿಸಿದಾಗ ದೊರೆತ ಒಂದು ಮೆಟ್ಟಿಲಿನ ಸಂಖ್ಯೆ ಮಾತ್ರ. ಅದನ್ನು ತೇವಕ್ಕೆ ಹೊಂದಿಸಬೇಕಾದರೆ, ಸೆನ್ಸರ್ ಚುಚ್ಚಿದ ಜಾಗದ ಮಣ್ಣನ್ನೇ ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್ನಿನಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಬೇಕು. 100 ಗ್ರಾಂ ಮಣ್ಣು 80 ಗ್ರಾಂಗೆ ಇಳಿದರೆ ಹೋದ ನೀರು 20 ಗ್ರಾಂ. ಒಣಮಣ್ಣಿನ ತೂಕದ ಲೆಕ್ಕದಲ್ಲಿ ತೇವ ಶೇಕಡಾ 25. ಬೇರೆ ಬೇರೆ ತೇವದ ಮಾದರಿಗಳಿಗೆ ಹೀಗೆ ಮಾಡಿ, ಸೆನ್ಸರಿನ ಅಂಕಿಯನ್ನು ಪಕ್ಕದಲ್ಲಿಟ್ಟು ಕೋಷ್ಟಕ ಬರೆದು, ಅದನ್ನು ಗ್ರಾಫಿನಲ್ಲಿ ಗುರುತಿಸಿ ಗೆರೆ ಎಳೆಯಿರಿ. ಗೆರೆಗೆ ಕೂಡಿಬಾರದ ಬಿಂದುಗಳನ್ನು ಅಳಿಸಬೇಡಿ. ಪರೀಕ್ಷಕರ ಕಣ್ಣಿಗೆ ಅನುಮಾನ ತರುವುದು ಅತಿಯಾಗಿ ನೇರವಾದ ಗೆರೆಯೇ. ತೋಟದ ಮಣ್ಣಿಗೆ ಕಟ್ಟಿದ ಕೋಷ್ಟಕ ಕಡೂರಿನ ಬಯಲುಸೀಮೆಯ ಹೊಲಕ್ಕೆ ಹಾಗೆಯೇ ಒಪ್ಪದೆಂಬುದನ್ನೂ ದಾಖಲಿಸಿ.

ಮಂಡನೆಯ ದಿನ ಸ್ಲೈಡ್ ಓದುತ್ತಾ ನಿಲ್ಲುವುದು ಬೇಡ. ಒಣಮಣ್ಣಿನ ಕುಂಡವೊಂದರಲ್ಲಿ ಸೆನ್ಸರ್ ನೆಟ್ಟು, ಪಂಪು ಓಡುತ್ತಿರುವಾಗಲೇ ಕುಂಡಕ್ಕೆ ನೀರು ಸುರಿದು, ಪಂಪು ತಾನಾಗಿ ನಿಲ್ಲುವುದನ್ನು ತೋರಿಸಿ. ಕರೆಂಟು ಹೋದರೆ ನೆರವಾಗಲೆಂದು ಬ್ಯಾಟರಿಯೂ ಮೊದಲೇ ಚಿತ್ರೀಕರಿಸಿದ ವಿಡಿಯೊವೂ ಜೊತೆಗಿರಲಿ. "ಸೆನ್ಸರ್ ಎಷ್ಟು ದಿನ ಬಾಳುತ್ತದೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರಡು ಲೋಹದ ಕಡ್ಡಿಗಳ ಅಗ್ಗದ ಸೆನ್ಸರಿಗೆ ಸದಾ ವಿದ್ಯುತ್ ಹರಿಸಿದರೆ ಒದ್ದೆ ಮಣ್ಣಿನಲ್ಲಿ ಅದು ಬೇಗನೆ ಸವೆಯುತ್ತದೆ. ಅಳೆಯುವ ಹೊತ್ತಿಗಷ್ಟೇ ವಿದ್ಯುತ್ ಕೊಡುವಂತೆ ಪ್ರೋಗ್ರಾಂ ಬರೆದಿದ್ದರೆ, ಆ ಸಾಲನ್ನೇ ತೆರೆದು ತೋರಿಸಿ.